ಹೆಸರಲ್ಲ, ಹ್ಯಾಷ್: ಗೊತ್ತಿರುವ ಸಾಫ್ಟ್‌ವೇರ್ ಫೈಲುಗಳನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಸಾಧಾರಣ ಕಂಪ್ಯೂಟರೊಂದರ ಡಿಸ್ಕಿನಲ್ಲಿರುವ ಫೈಲುಗಳನ್ನು ಎಣಿಸಿದರೆ ಸಂಖ್ಯೆ ಸುಲಭವಾಗಿ ಲಕ್ಷ ದಾಟುತ್ತದೆ. ಅದರಲ್ಲಿ ಬಳಕೆದಾರರು ತಾವೇ ಬರೆದದ್ದು, ತೆಗೆದದ್ದು, ಉಳಿಸಿಕೊಂಡದ್ದು ಒಂದು ಹಿಡಿಯಷ್ಟು. ಮಿಕ್ಕದ್ದೆಲ್ಲ ಆಪರೇಟಿಂಗ್ ಸಿಸ್ಟಮ್, ಬ್ರೌಸರ್, ಪ್ರಿಂಟರ್ ಡ್ರೈವರ್‌ಗಳ ಜೊತೆಗೆ ಬಂದದ್ದು. ಅದೇ ಆವೃತ್ತಿಯನ್ನು ಹಾಕಿಕೊಂಡ ಬೇರೆ ಕಂಪ್ಯೂಟರುಗಳಲ್ಲೂ ಅವು ಒಂದು ಬೈಟಿನ ವ್ಯತ್ಯಾಸವೂ ಇಲ್ಲದೆ ಇರುತ್ತವೆ. ಡಿಸ್ಕನ್ನು ಪರಿಶೀಲಿಸಬೇಕಾದವರು ಈ ರಾಶಿಯನ್ನೆಲ್ಲ ಕಣ್ಣಿಟ್ಟು ನೋಡುತ್ತ ಕುಳಿತರೆ ಕೆಲಸ ಮುಗಿಯುವುದಿಲ್ಲ. ಮೊದಲು ಜರಡಿ ಹಿಡಿಯಬೇಕು: ಯಾವುದು ಎಲ್ಲರಿಗೂ ಗೊತ್ತಿರುವ ಫೈಲು, ಯಾವುದು ಗೊತ್ತಿಲ್ಲದ್ದು?

ಹೆಸರು ನೋಡಿ ಇದನ್ನು ತೀರ್ಮಾನಿಸುವಂತಿಲ್ಲ. ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಗಾತ್ರ, ತಾರೀಖು, ಐಕಾನು ಕೂಡ ಹಾಗೆಯೇ. ಆದ್ದರಿಂದ ಫೈಲಿನ ಒಳಗಿರುವ ಬೈಟುಗಳನ್ನೇ ಹಿಡಿದು ಹ್ಯಾಷ್ ತೆಗೆಯುತ್ತೇವೆ, ಅದನ್ನು ಗೊತ್ತಿರುವ ಹ್ಯಾಷ್‌ಗಳ ಪಟ್ಟಿಯೊಂದಿಗೆ ತಾಳೆ ನೋಡುತ್ತೇವೆ. ಕೇಳಲು ಇಷ್ಟೇ. ಆದರೆ ಈ ದಾರಿಯಲ್ಲಿ ಎಡವುವ ಜಾಗಗಳು ಹಲವಿವೆ, ಅವುಗಳಲ್ಲಿ ಹೆಚ್ಚಿನವುಗಳಲ್ಲಿ ನಾನು ಎಡವಿದ್ದೇನೆ.

ಹ್ಯಾಷ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕ್ರಿಪ್ಟೋಗ್ರಾಫಿಕ್ ಹ್ಯಾಷ್ ಎಂದರೆ ಎಷ್ಟು ದೊಡ್ಡ ಫೈಲನ್ನು ಕೊಟ್ಟರೂ ನಿಗದಿತ ಉದ್ದದ ಒಂದು ಸಂಖ್ಯೆಯನ್ನು ಹೊರಗೆ ಕೊಡುವ ಲೆಕ್ಕ. ಎಂಡಿ5 ಕೊಡುವುದು 128 ಬಿಟ್, ಎಸ್‌ಎಚ್‌ಎ-1 ಕೊಡುವುದು 160 ಬಿಟ್, ಎಸ್‌ಎಚ್‌ಎ-256 ಕೊಡುವುದು 256 ಬಿಟ್. ಅದನ್ನು 0ಯಿಂದ 9ರವರೆಗಿನ ಅಂಕಿಗಳು ಮತ್ತು ಎ ಇಂದ ಎಫ್‌ವರೆಗಿನ ಆರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ರೂಢಿ. ಹಾಗಾಗಿ ತೆರೆಯ ಮೇಲೆ ಕಾಣುವುದು ಕ್ರಮವಾಗಿ 32, 40 ಮತ್ತು 64 ಅಕ್ಷರಗಳು. ಯಾರೋ ಒಂದು ಹ್ಯಾಷ್ ಕಳುಹಿಸಿ, ಅದು ಯಾವ ಬಗೆಯದೆಂದು ಹೇಳದೆ ಬಿಟ್ಟಿದ್ದರೆ ಮೊದಲು ಅಕ್ಷರ ಎಣಿಸಿ. ಬಹುತೇಕ ಸಂದರ್ಭಗಳಲ್ಲಿ ಉತ್ತರ ಅಲ್ಲೇ ಸಿಗುತ್ತದೆ.

ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಹ್ಯಾಷ್‌ನ ಸುಮಾರು ಅರ್ಧದಷ್ಟು ಬಿಟ್‌ಗಳು ಬದಲಾಗುತ್ತವೆ. ಆದ್ದರಿಂದ ಎರಡು ಹ್ಯಾಷ್‌ಗಳು "ಹತ್ತಿರ ಹತ್ತಿರ ಇವೆ" ಎನ್ನುವ ಮಾತಿಗೆ ಅರ್ಥವಿಲ್ಲ. ಪೂರ್ತಿ ಹೊಂದಬೇಕು, ಇಲ್ಲದಿದ್ದರೆ ಹೊಂದಲಿಲ್ಲ ಅಷ್ಟೇ.

ಹ್ಯಾಷ್ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಈ ಬೈಟುಗಳ ಸಾಲು ಆ ಬೈಟುಗಳ ಸಾಲೇ ಹೌದೇ? ಫೈಲು ಒಳ್ಳೆಯದೋ ಕೆಟ್ಟದ್ದೋ, ಅದನ್ನು ಯಾರು ತಂದಿಟ್ಟರು, ಯಾವಾಗ ಓಡಿಸಿದರು ಎಂಬುದು ಅದಕ್ಕೆ ಗೊತ್ತಿಲ್ಲ. ಫೈಲಿನ ಹೆಸರು, ತಾರೀಖು, ಅನುಮತಿ ಇವು ಫೈಲಿನ ಒಳಗಿರುವುದಿಲ್ಲ, ಆದ್ದರಿಂದ ಹ್ಯಾಷ್ ಲೆಕ್ಕಕ್ಕೂ ಬರುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕುಗಳಲ್ಲಿ ಫೈಲಿನ ಬೆನ್ನಿಗೆ ಅಂಟಿಕೊಂಡಿರುವ ಪರ್ಯಾಯ ಡೇಟಾ ಸ್ಟ್ರೀಮ್‌ಗಳೂ ಬರುವುದಿಲ್ಲ. ಇಂಟರ್‌ನೆಟ್‌ನಿಂದ ಇಳಿಸಿದ ಫೈಲಿಗೆ ವಿಂಡೋಸ್ ಹಚ್ಚುವ ಗುರುತು ಇರುವುದು ಅಂಥ ಒಂದು ಸ್ಟ್ರೀಮ್‌ನಲ್ಲಿ. ಇಳಿಸಿದ ಫೈಲಿನ ಹ್ಯಾಷ್ ಅದರಿಂದ ಕೆಡದಿರುವುದು ಅನುಕೂಲವೇ. ಆದರೆ ಯಾರಾದರೂ ಅದೇ ಜಾಗದಲ್ಲಿ ಬೇರೇನಾದರೂ ಅಡಗಿಸಿಟ್ಟಿದ್ದರೆ ಮುಖ್ಯ ಫೈಲಿನ ಹ್ಯಾಷ್ ಅದನ್ನೂ ಹೇಳುವುದಿಲ್ಲ.

ಕೈಗೆ ಸಿಕ್ಕ ಉಪಕರಣವನ್ನು ಮೊದಲು ಪರೀಕ್ಷಿಸಿ

ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್ ಎಂಬ ಕಮಾಂಡ್ ಇದ್ದೇ ಇರುತ್ತದೆ. ಮ್ಯಾಕ್‌ನಲ್ಲಿ ಶಾಸಮ್ ಇದೆ, ಅದಕ್ಕೆ ಎ ಎಂಬ ಆಯ್ಕೆಯ ಜೊತೆ 256 ಎಂದು ಕೊಡಬೇಕು. ಕೊಡದಿದ್ದರೆ ಅದು ಎಸ್‌ಎಚ್‌ಎ-1 ತೆಗೆದುಕೊಡುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಷ್ ಇದೆ, ಏನೂ ಹೇಳದಿದ್ದರೆ ಅದು ಲೆಕ್ಕ ಹಾಕುವುದು ಎಸ್‌ಎಚ್‌ಎ-256. ಹಳೆಯ ಕಮಾಂಡ್ ಕಿಟಕಿಯಲ್ಲಿ ಸರ್ಟ್‌ಯುಟಿಲ್ ಸಿಗುತ್ತದೆ. ಬಗೆಯನ್ನು ಹೇಳದಿದ್ದರೆ ಇದೂ ಎಸ್‌ಎಚ್‌ಎ-1 ಕಡೆಗೇ ಹೋಗುತ್ತದೆ. ಯಾವುದನ್ನು ಬಳಸಿದರೂ ಬಗೆಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಇಟ್ಟುಕೊಳ್ಳಿ.

ಮೊದಲ ಪರೀಕ್ಷೆಗೆ ಖಾಲಿ ಫೈಲು ಸಾಕು. ಶೂನ್ಯ ಬೈಟಿನ ಫೈಲೊಂದನ್ನು ಮಾಡಿ ಎಸ್‌ಎಚ್‌ಎ-256 ತೆಗೆಯಿರಿ. ಅದು "ಇ3ಬಿ0ಸಿ442" ಎಂದು ಶುರುವಾಗಬೇಕು. ಅದರ ಎಂಡಿ5 ಆದರೆ "ಡಿ41ಡಿ8ಸಿಡಿ9", ಎಸ್‌ಎಚ್‌ಎ-1 ಆದರೆ "ಡಿಎ39ಎ3ಇಇ". ಈ ಮೂರನ್ನೂ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಮುಂದೆ ಪಟ್ಟಿಗಳಲ್ಲಿ ಇವು ಪದೇ ಪದೇ ಎದುರಾಗುತ್ತವೆ.

ಎರಡನೆಯದಾಗಿ ಒಂದು ಫೈಲಿನಲ್ಲಿ ಇಂಗ್ಲಿಷ್ ವರ್ಣಮಾಲೆಯ ಮೊದಲ ಮೂರು ಸಣ್ಣ ಅಕ್ಷರಗಳನ್ನು ಮಾತ್ರ ಬರೆಯಿರಿ. ಎಸ್‌ಎಚ್‌ಎ-256 "ಬಿಎ7816ಬಿಎಫ್" ಎಂದು ಶುರುವಾಗಬೇಕು. ಹಾಗೆ ಬರಲಿಲ್ಲವೆಂದರೆ ಉಪಕರಣ ಕೆಟ್ಟಿದೆ ಎಂದು ಹಾರಾಡಬೇಡಿ. ಫೈಲಿನ ಗಾತ್ರ ನೋಡಿ, ಮೂರಲ್ಲ, ನಾಲ್ಕು ಬೈಟ್ ಇದ್ದೀತು. ಅನೇಕ ಎಡಿಟರ್‌ಗಳು, ಟರ್ಮಿನಲ್‌ನ ಎಕೋ ಕಮಾಂಡ್ ಕೂಡ, ಕೊನೆಯಲ್ಲಿ ಸದ್ದಿಲ್ಲದೆ ಸಾಲು ಮುರಿಯುವ ಒಂದು ಬೈಟನ್ನು ಸೇರಿಸುತ್ತವೆ. ಹೊಸಬರನ್ನು ಅತಿ ಹೆಚ್ಚು ಸತಾಯಿಸುವುದು ಈ ಒಂದು ಬೈಟೇ.

ಮೂರನೆಯದಾಗಿ ಯಾವುದಾದರೂ ಪ್ರೋಗ್ರಾಮ್ ಫೈಲಿನ ಮೂರು ಪ್ರತಿ ಮಾಡಿ. ಒಂದನ್ನು ಹಾಗೆಯೇ ಬಿಡಿ. ಇನ್ನೊಂದರ ಹೆಸರನ್ನು ಚಿತ್ರದ ಫೈಲೆಂಬಂತೆ ಬದಲಿಸಿ. ಮೂರನೆಯದರ ಬಾಲಕ್ಕೆ ಒಂದು ಬೈಟ್ ಅಂಟಿಸಿ. ಮೊದಲೆರಡರ ಹ್ಯಾಷ್ ಒಂದೇ ಬರುತ್ತದೆ, ಮೂರನೆಯದು ಬೇರೆಯೇ ಬರುತ್ತದೆ. ವೇಷ ಹಾಕಿದ್ದು ಸಿಕ್ಕಿಬೀಳುತ್ತದೆ, ಮೈಯಲ್ಲಿ ಒಂದು ಕೂದಲು ಬದಲಾದದ್ದು ಗುರುತೇ ಸಿಗದಂತೆ ತಪ್ಪಿಸಿಕೊಳ್ಳುತ್ತದೆ. ಈ ವಿಧಾನದ ಬಲ, ದೌರ್ಬಲ್ಯ ಎರಡೂ ಈ ಮೂರು ಪ್ರತಿಗಳಲ್ಲಿವೆ.

ಯಾವ ಹ್ಯಾಷ್ ಬಳಸಬೇಕು

ಹೊಸದಾಗಿ ಪಟ್ಟಿ ಮಾಡುವುದಾದರೆ ಎಸ್‌ಎಚ್‌ಎ-256. ಅದರಲ್ಲಿ ಎರಡು ಮಾತಿಲ್ಲ.

ಆದರೆ ಹಳೆಯ ಪಟ್ಟಿಗಳು ಎಂಡಿ5 ಮತ್ತು ಎಸ್‌ಎಚ್‌ಎ-1ರಲ್ಲಿವೆ. ಅವನ್ನು ಕಸದ ಬುಟ್ಟಿಗೆ ಹಾಕಬೇಕೆಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಏಕೆಂದು ಹೇಳುತ್ತೇನೆ. ಎಂಡಿ5ರಲ್ಲಿ ಒಂದೇ ಹ್ಯಾಷ್ ಬರುವ ಎರಡು ಬೇರೆ ಬೇರೆ ಒಳಹರಿವುಗಳನ್ನು 2004ರಲ್ಲೇ ಚೀನಾದ ಸಂಶೋಧಕಿ ಷಿಯಾವೊಯುನ್ ವಾಂಗ್ ಮತ್ತು ಸಂಗಡಿಗರು ತೋರಿಸಿದರು. 2012ರಲ್ಲಿ ಬೆಳಕಿಗೆ ಬಂದ ಫ್ಲೇಮ್ ಎಂಬ ಕುತಂತ್ರಾಂಶ ಇದೇ ದೌರ್ಬಲ್ಯವನ್ನು ಬಳಸಿ ಮೈಕ್ರೋಸಾಫ್ಟ್‌ನದೆಂದು ತೋರುವ ನಕಲಿ ಪ್ರಮಾಣಪತ್ರವನ್ನು ಹುಟ್ಟಿಸಿತ್ತು. ಎಸ್‌ಎಚ್‌ಎ-1ರ ಸರದಿ 2017ರ ಫೆಬ್ರವರಿಯಲ್ಲಿ ಬಂತು: ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್ ಸೇರಿ, ಬೇರೆ ಬೇರೆಯಾಗಿ ಕಾಣುವ, ಆದರೆ ಒಂದೇ ಹ್ಯಾಷ್ ಇರುವ ಎರಡು ಪಿಡಿಎಫ್‌ಗಳನ್ನು ಪ್ರಕಟಿಸಿದವು. ಎಸ್‌ಎಚ್‌ಎ-1ರ ಬಳಕೆಯನ್ನು 2030ರ ಕೊನೆಯೊಳಗೆ ಪೂರ್ತಿ ಬಿಡಬೇಕೆಂದು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಹೇಳಿದೆ.

ಈ ದಾಳಿಗಳಲ್ಲೆಲ್ಲ ಜೋಡಿಯ ಎರಡೂ ಭಾಗಗಳನ್ನು ಸಿದ್ಧಪಡಿಸಿದವರು ಒಬ್ಬರೇ. ಈಗಾಗಲೇ ಇರುವ, ಬೇರೆ ಯಾರೋ ಮಾಡಿದ ಫೈಲೊಂದನ್ನು ಹಿಡಿದು "ಇದರ ಹ್ಯಾಷೇ ಬರುವ ಇನ್ನೊಂದು ಫೈಲು ಮಾಡು" ಎಂದರೆ ಅದು ಬಹಳ ಕಷ್ಟದ ಬೇರೆ ಸಮಸ್ಯೆ. ಎಂಡಿ5ರಲ್ಲೂ ಅದಕ್ಕೆ ಕಾರ್ಯಸಾಧ್ಯವಾದ ದಾರಿ ಈವರೆಗೆ ಸಿಕ್ಕಿಲ್ಲ. ಆಪರೇಟಿಂಗ್ ಸಿಸ್ಟಮ್‌ನ ಹತ್ತು ವರ್ಷ ಹಳೆಯ ಫೈಲಿನ ಎಂಡಿ5 ಹೊಂದಿತೆಂದರೆ ಅದು ಆ ಫೈಲೇ ಎಂದು ನಂಬಿ ಮುಂದೆ ಹೋಗಬಹುದು. ಅಪಾಯ ಇರುವುದು, ಯಾರಾದರೂ ಮೊದಲೇ ಜೋಡಿ ಮಾಡಿಟ್ಟುಕೊಂಡು ಅದರಲ್ಲಿ ಸಾಧುವಾದದ್ದನ್ನು ಪಟ್ಟಿಯೊಳಗೆ ನುಸುಳಿಸಿದಾಗ. ಯಾರು ಬೇಕಾದರೂ ಫೈಲು ಸೇರಿಸಬಹುದಾದ ಪಟ್ಟಿಯಾದರೆ ಈ ಅಪಾಯ ನಿಜ. ಅಂಥ ಕಡೆ ಎಸ್‌ಎಚ್‌ಎ-256 ಇಲ್ಲದೆ ಮಾತಾಡಬೇಡಿ.

ಆಕಸ್ಮಿಕವಾಗಿ ಎರಡು ಫೈಲುಗಳು ಹೊಂದಿಬಿಟ್ಟರೆ ಎಂಬ ಭಯ ಬೇಡ. ಹತ್ತು ಲಕ್ಷ ಫೈಲುಗಳನ್ನು ಹತ್ತು ಕೋಟಿ ಹ್ಯಾಷ್‌ಗಳ ಪಟ್ಟಿಗೆ ಹೋಲಿಸಿದರೆ ಆಗುವ ಜೋಡಿಗಳು 1ರ ಮುಂದೆ 14 ಸೊನ್ನೆ. 128 ಬಿಟ್‌ನಲ್ಲಿ ಸಾಧ್ಯವಿರುವ ಹ್ಯಾಷ್‌ಗಳು 3ರ ಮುಂದೆ 38 ಸೊನ್ನೆಗೂ ಹೆಚ್ಚು.

ಹ್ಯಾಷ್ ತೆಗೆಯುವಾಗ

ಶಂಕೆ ಇರುವ ಕಂಪ್ಯೂಟರನ್ನು ಓಡಿಸಿ, ಅದರೊಳಗಿನ ಉಪಕರಣದಿಂದಲೇ ಅದರ ಫೈಲುಗಳ ಹ್ಯಾಷ್ ತೆಗೆಯುವುದು ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ. ಸಿಸ್ಟಮ್‌ನ ಆಳದಲ್ಲಿ ಕೂತ ಕುತಂತ್ರಾಂಶ ಫೈಲನ್ನು ಓದಲು ಕೇಳಿದಾಗ ಹಳೆಯ ಒಳ್ಳೆಯ ಪ್ರತಿಯನ್ನು ಮುಂದಿಡಬಲ್ಲದು. ಡಿಸ್ಕನ್ನು ಹೊರತೆಗೆದು, ಸಾಧ್ಯವಾದರೆ ಅದರ ಪೂರ್ಣ ಪ್ರತಿಬಿಂಬ, ಅಂದರೆ ಬೈಟಿಗೆ ಬೈಟ್ ನಕಲು ತೆಗೆದು, ಅದನ್ನು ಓದಲು ಮಾತ್ರ ಅನುಮತಿಸುವ ರೀತಿಯಲ್ಲಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ. ಇದು ಸುಮ್ಮನೆ ನಿಮ್ಮದೇ ಹಳೆಯ ಡಿಸ್ಕನ್ನು ಅಚ್ಚುಕಟ್ಟು ಮಾಡುವ ಕೆಲಸವಾದರೆ ಇಷ್ಟೆಲ್ಲ ಬೇಕಿಲ್ಲ.

ಇಡೀ ಫೋಲ್ಡರ್ ಮರವನ್ನು ಸುತ್ತಲು ನಾನು ಬಳಸುವುದು ಹ್ಯಾಷ್‌ಡೀಪ್. ಜೆಸ್ಸಿ ಕಾರ್ನ್‌ಬ್ಲಮ್ ಬರೆದ ಈ ಉಪಕರಣ ಒಂದೇ ಓದಿನಲ್ಲಿ ಹಲವು ಬಗೆಯ ಹ್ಯಾಷ್‌ಗಳನ್ನು ತೆಗೆಯುತ್ತದೆ, ಪ್ರತಿ ಸಾಲಿನಲ್ಲಿ ಗಾತ್ರವನ್ನೂ ಬರೆಯುತ್ತದೆ. ಆರ್ ಆಯ್ಕೆ ಕೊಟ್ಟರೆ ಒಳಫೋಲ್ಡರ್‌ಗಳಿಗೂ ಇಳಿಯುತ್ತದೆ. ಹೆಚ್ಚಿನ ಸಮಯ ಹೋಗುವುದು ಡಿಸ್ಕಿನಿಂದ ಓದುವುದಕ್ಕೆ, ಲೆಕ್ಕಕ್ಕಲ್ಲ. ಹಾಗಾಗಿ ಎಂಡಿ5, ಎಸ್‌ಎಚ್‌ಎ-1, ಎಸ್‌ಎಚ್‌ಎ-256 ಮೂರನ್ನೂ ಒಂದೇ ಸುತ್ತಿನಲ್ಲಿ ತೆಗೆದಿಟ್ಟುಕೊಳ್ಳಿ. ನಾಳೆ ಎಂಡಿ5 ಮಾತ್ರ ಇರುವ ಪಟ್ಟಿಯೊಂದು ಸಿಕ್ಕರೆ ಮತ್ತೆ ಇಡೀ ಡಿಸ್ಕನ್ನು ಓದಬೇಕಾಗುವುದಿಲ್ಲ.

ವಿಂಡೋಸ್‌ನಲ್ಲಿ ಓಡುತ್ತಿರುವ ಕಂಪ್ಯೂಟರಿನಲ್ಲೇ ಕೆಲಸ ಮಾಡಲೇಬೇಕಾಗಿ ಬಂದರೆ ಒಂದು ಬಲೆಯ ಬಗ್ಗೆ ಎಚ್ಚರವಿರಲಿ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್‌ನ ಹ್ಯಾಷ್ ಉಪಕರಣ ಓಡಿಸಿ ಸಿಸ್ಟಮ್32 ಫೋಲ್ಡರ್‌ನ ಫೈಲು ಕೇಳಿದರೆ, ವಿಂಡೋಸ್ ಅದನ್ನು ಸದ್ದಿಲ್ಲದೆ ಸಿಸ್‌ವಾವ್64 ಫೋಲ್ಡರ್‌ಗೆ ತಿರುಗಿಸುತ್ತದೆ. ನೀವು ಬರೆದುಕೊಂಡ ದಾರಿ ಒಂದು, ಓದಿದ ಫೈಲು ಇನ್ನೊಂದು. ಎರಡೂ ಗೊತ್ತಿರುವ ಫೈಲುಗಳೇ ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ. 64 ಬಿಟ್ ಉಪಕರಣವನ್ನೇ ಬಳಸಿ.

ಪಟ್ಟಿ ಎಲ್ಲಿಂದ ತರುವುದು

ಈ ಕ್ಷೇತ್ರದಲ್ಲಿ ದೊಡ್ಡ ಹೆಸರು ನಿಸ್ಟ್ ನಡೆಸುವ ನ್ಯಾಷನಲ್ ಸಾಫ್ಟ್‌ವೇರ್ ರೆಫರೆನ್ಸ್ ಲೈಬ್ರರಿ, ಎನ್‌ಎಸ್‌ಆರ್‌ಎಲ್. ಅವರು ಸಾಫ್ಟ್‌ವೇರ್‌ಗಳನ್ನು ಸಂಗ್ರಹಿಸಿ, ಒಳಗಿನ ಪ್ರತಿ ಫೈಲಿನ ಹ್ಯಾಷ್ ತೆಗೆದು, ಯಾವ ಉತ್ಪನ್ನದ ಯಾವ ಆವೃತ್ತಿಯಲ್ಲಿ ಅದು ಬಂತೆಂದು ದಾಖಲಿಸುತ್ತಾರೆ. ರೆಫರೆನ್ಸ್ ಡೇಟಾ ಸೆಟ್, ಅಂದರೆ ಆರ್‌ಡಿಎಸ್ ಎಂಬ ಹೆಸರಿನಲ್ಲಿ ವರ್ಷಕ್ಕೆ ನಾಲ್ಕು ಬಾರಿ ಅದನ್ನು ಉಚಿತವಾಗಿ ಬಿಡುಗಡೆ ಮಾಡುತ್ತಾರೆ. ಹಿಂದೆ ಅದು ಅಲ್ಪವಿರಾಮಗಳಿಂದ ಬೇರ್ಪಟ್ಟ ಪಠ್ಯದ ಫೈಲಾಗಿತ್ತು. 3ನೇ ಆವೃತ್ತಿಯಿಂದ ಎಸ್‌ಕ್ಯುಲೈಟ್ ಡೇಟಾಬೇಸ್ ಆಗಿದೆ, ಎಸ್‌ಎಚ್‌ಎ-256 ಸೇರಿದೆ. ಈಚಿನ ಕಂಪ್ಯೂಟರುಗಳಿಗೆ, ಹಳೆಯವಕ್ಕೆ, ಆಂಡ್ರಾಯ್ಡ್‌ಗೆ, ಐಒಎಸ್‌ಗೆ ಬೇರೆ ಬೇರೆ ಸೆಟ್‌ಗಳಿವೆ. ಎಲ್ಲವನ್ನೂ ಇಳಿಸಿಕೊಳ್ಳುವ ಉಮೇದು ಬೇಡ. ಕೆಲಸಕ್ಕೆ ಬೇಕಾದ ಸೆಟ್‌ನ ಕನಿಷ್ಠ ರೂಪವನ್ನು ಆರಿಸಿಕೊಳ್ಳಿ, ಅದನ್ನು ಬಿಚ್ಚಲು ಡಿಸ್ಕಿನಲ್ಲಿ ಧಾರಾಳ ಜಾಗ ಇಟ್ಟುಕೊಳ್ಳಿ.

ಅಷ್ಟು ದೊಡ್ಡದನ್ನು ಇಳಿಸಲಾಗದವರಿಗೆ ಲಕ್ಸೆಂಬರ್ಗ್‌ನ ಸರ್ಕಲ್ ಎಂಬ ತಂಡ ನಡೆಸುವ ಹ್ಯಾಷ್‌ಲುಕಪ್ ಸೇವೆ ಇದೆ. ಹ್ಯಾಷ್ ಕಳುಹಿಸಿದರೆ ಅದು ಗೊತ್ತಿರುವುದೋ ಅಲ್ಲವೋ, ಯಾವ ಮೂಲದಲ್ಲಿ ಸಿಕ್ಕಿತೆಂದು ಹೇಳುತ್ತದೆ. ಎನ್‌ಎಸ್‌ಆರ್‌ಎಲ್ ಜೊತೆಗೆ ಹಲವು ಲಿನಕ್ಸ್ ವಿತರಣೆಗಳ ಪ್ಯಾಕೇಜುಗಳೂ ಅದರಲ್ಲಿ ಸೇರಿವೆ. ಇಂಟರ್‌ನೆಟ್ ಇಲ್ಲದ ಕಡೆ ಬಳಸಲು ಬ್ಲೂಮ್ ಫಿಲ್ಟರ್ ಎಂಬ ಕುಗ್ಗಿಸಿದ ರೂಪವನ್ನೂ ಅವರು ಕೊಡುತ್ತಾರೆ. ಬ್ಲೂಮ್ ಫಿಲ್ಟರ್ "ಇಲ್ಲ" ಎಂದರೆ ಖಂಡಿತ ಇಲ್ಲ. "ಇದೆ" ಎಂದರೆ ಅಪರೂಪಕ್ಕೆ ಸುಳ್ಳಾಗಬಹುದು. ನಮ್ಮ ಕೆಲಸದಲ್ಲಿ ಈ ಸುಳ್ಳು ಅಪಾಯದ ದಿಕ್ಕಿನದು, ಏಕೆಂದರೆ "ಇದೆ" ಎಂದ ಫೈಲನ್ನು ನಾವು ಪಕ್ಕಕ್ಕೆ ಸರಿಸುತ್ತೇವೆ. ಹಾಗೆ ಸರಿಸಿದ್ದನ್ನು ಇನ್ನೊಮ್ಮೆ ನಿಜವಾದ ಪಟ್ಟಿಯೊಂದಿಗೆ ತಾಳೆ ನೋಡುವುದು ಲೇಸು.

ಆದರೂ ನನ್ನ ಅನುಭವದಲ್ಲಿ ಅತ್ಯಂತ ಉಪಯುಕ್ತವಾದ ಪಟ್ಟಿ ನಾವೇ ಮಾಡಿಕೊಂಡದ್ದು. ಖಾಲಿ ವರ್ಚುವಲ್ ಯಂತ್ರವೊಂದರಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶವೇ ಓಡಿಸುವ ಇನ್ನೊಂದು ಕಂಪ್ಯೂಟರು) ಮೂಲ ತಯಾರಕರಿಂದ ಪಡೆದ ಆಪರೇಟಿಂಗ್ ಸಿಸ್ಟಮ್ ಹಾಕಿ, ನೀವು ಪರಿಶೀಲಿಸುವ ಕಂಪ್ಯೂಟರುಗಳಲ್ಲಿ ಇರುವ ಸಾಫ್ಟ್‌ವೇರ್‌ಗಳನ್ನೇ ಅವೇ ಆವೃತ್ತಿಗಳಲ್ಲಿ ಹಾಕಿ, ಅಪ್‌ಡೇಟ್ ಮಾಡಿ, ಯಂತ್ರವನ್ನು ನಿಲ್ಲಿಸಿ, ಅದರ ಡಿಸ್ಕಿನ ಹ್ಯಾಷ್‌ಗಳನ್ನು ತೆಗೆದಿಡಿ. ಒಂದೇ ತೆರನ ನೂರು ಕಂಪ್ಯೂಟರುಗಳಿರುವ ಕಚೇರಿಗೆ ಈ ಒಂದು ದಿನದ ಕೆಲಸ ಕೊಡುವ ಫಲವನ್ನು ಯಾವ ಸಾರ್ವಜನಿಕ ಪಟ್ಟಿಯೂ ಕೊಡುವುದಿಲ್ಲ. ಪಟ್ಟಿಯ ಜೊತೆಗೆ ಎಲ್ಲಿಂದ ತಂದದ್ದು, ಯಾವ ತಾರೀಖು, ಯಾವ ಆವೃತ್ತಿ ಎಂದು ಬರೆದಿಡಿ. ಊರು ಹೆಸರಿಲ್ಲದ ಹ್ಯಾಷ್ ಪಟ್ಟಿ ಒಂದು ವರ್ಷದ ನಂತರ ನಿಮಗೇ ಅರ್ಥವಾಗುವುದಿಲ್ಲ.

ತಾಳೆ ನೋಡುವ ಹೊತ್ತು

ಮೊದಮೊದಲು ಒಂದು ವಿಂಡೋಸ್ ಡಿಸ್ಕನ್ನು ಆರ್‌ಡಿಎಸ್‌ಗೆ ಹೋಲಿಸಿದಾಗ ನನಗೆ ಬಂದ ಉತ್ತರ: ಹೊಂದಿದ ಫೈಲುಗಳು ಸೊನ್ನೆ. ಇಡೀ ಸಿಸ್ಟಮ್ಮೇ ಬದಲಾಗಿದೆಯೇನೋ ಎಂದು ಎದೆ ಧಸಕ್ಕೆಂದಿತು. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಕಂಡದ್ದು ಇಷ್ಟು: ಆರ್‌ಡಿಎಸ್‌ನಲ್ಲಿ ಹ್ಯಾಷ್‌ಗಳು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿದ್ದವು, ನನ್ನ ಪಟ್ಟಿ ಸಣ್ಣಕ್ಷರಗಳಲ್ಲಿತ್ತು. ಸಂಖ್ಯೆ ಒಂದೇ, ಆದರೆ ಪಠ್ಯವಾಗಿ ಹೋಲಿಸುವ ಯಂತ್ರಕ್ಕೆ ಎರಡೂ ಬೇರೆ. ಅಂದಿನಿಂದ ನನ್ನದೊಂದು ನಿಯಮ: ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕಿನಲ್ಲಿ ಸೊನ್ನೆ ಬಂದರೆ ಡಿಸ್ಕನ್ನು ಶಂಕಿಸುವ ಮೊದಲು ನನ್ನನ್ನು ಶಂಕಿಸಿಕೊಳ್ಳುತ್ತೇನೆ.

ಆದ್ದರಿಂದ ಹೋಲಿಸುವ ಮೊದಲು ಎರಡೂ ಪಟ್ಟಿಗಳನ್ನು ಒಂದೇ ರೂಪಕ್ಕೆ ತನ್ನಿ. ಅಕ್ಷರಗಳನ್ನೆಲ್ಲ ದೊಡ್ಡದಕ್ಕೋ ಸಣ್ಣದಕ್ಕೋ ತಿರುಗಿಸಿ. ವಿಂಡೋಸ್‌ನಿಂದ ಬಂದ ಪಟ್ಟಿಯಾದರೆ ಸಾಲಿನ ಕೊನೆಯ ಹೆಚ್ಚುವರಿ ಬೈಟನ್ನು ಕಿತ್ತುಹಾಕಿ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಹೋಲಿಕೆಯನ್ನು ಕೆಡಿಸುತ್ತದೆ. ವಿಂಡೋಸ್ ಜೊತೆ ಬರುವ ಹಳೆಯ ಪವರ್‌ಶೆಲ್ 5.1ರಲ್ಲಿ ಬಾಣದ ಗುರುತಿನಿಂದ (>) ಫೈಲಿಗೆ ಬರೆಸಿದರೆ ಅದು ಯುಟಿಎಫ್-16ರಲ್ಲಿ ಬರೆಯುತ್ತದೆ. ಒಂದೊಂದು ಅಕ್ಷರಕ್ಕೆ ಎರಡೆರಡು ಬೈಟ್. ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಲಿನಕ್ಸ್‌ಗೆ ತಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಎಸ್‌ಎಚ್‌ಎ256ಸಮ್ ಕೂಡ ಒಂದು ಚೇಷ್ಟೆ ಮಾಡುತ್ತದೆ: ಫೈಲಿನ ಹೆಸರಿನಲ್ಲಿ ಹಿಂಗೆರೆ (ಬ್ಯಾಕ್‌ಸ್ಲ್ಯಾಷ್) ಇದ್ದರೆ ಆ ಸಾಲಿನ ಶುರುವಿನಲ್ಲಿ, ಹ್ಯಾಷ್‌ಗೂ ಮೊದಲು, ಒಂದು ಹಿಂಗೆರೆ ಸೇರಿಸುತ್ತದೆ. ಅಂಥ ಸಾಲಿನ ಮೊದಲ 64 ಅಕ್ಷರ ಕತ್ತರಿಸಿಕೊಂಡರೆ ಹ್ಯಾಷ್ ಒಂದು ಅಕ್ಷರ ಜಾರಿರುತ್ತದೆ.

ರೂಪ ಸರಿಹೋದ ಮೇಲೆ ಹೋಲಿಕೆ ಸುಲಭ. ಸಣ್ಣ ಪಟ್ಟಿಯಾದರೆ ಹ್ಯಾಷ್‌ಡೀಪ್‌ಗೆ ಕೆ ಆಯ್ಕೆಯಲ್ಲಿ ಗೊತ್ತಿರುವ ಪಟ್ಟಿಯನ್ನು ಕೊಡಿ. ಜೊತೆಗೆ ಎಂ ಕೊಟ್ಟರೆ ಹೊಂದಿದ ಫೈಲುಗಳನ್ನು, ಎಕ್ಸ್ ಕೊಟ್ಟರೆ ಹೊಂದದೆ ಉಳಿದವನ್ನು ತೋರಿಸುತ್ತದೆ. ಆರ್‌ಡಿಎಸ್‌ನಷ್ಟು ದೊಡ್ಡದಾದರೆ ನಿಮ್ಮ ಹ್ಯಾಷ್‌ಗಳನ್ನೂ ಎಸ್‌ಕ್ಯುಲೈಟ್‌ನ ಒಂದು ಕೋಷ್ಟಕಕ್ಕೆ ಹಾಕಿ, ಎರಡನ್ನೂ ಜೋಡಿಸಿ ಪ್ರಶ್ನಿಸಿ. ಒಂದೊಂದೇ ಹ್ಯಾಷನ್ನು ಕೋಟಿ ಸಾಲಿನ ಪಠ್ಯದಲ್ಲಿ ಹುಡುಕುತ್ತ ಹೋದರೆ ದಿನಗಟ್ಟಲೆ ಹಿಡಿಯುತ್ತದೆ. ತಾವು ಕಮಾಂಡ್ ಬರೆಯಲು ಇಷ್ಟಪಡದವರಿಗೆ ಆಟಾಪ್ಸಿ ಎಂಬ ಉಚಿತ ಫೊರೆನ್ಸಿಕ್ ತಂತ್ರಾಂಶ ಇದೆ. ಹ್ಯಾಷ್ ಪಟ್ಟಿಗಳನ್ನು ತಾನೇ ಒಳಗೆ ತೆಗೆದುಕೊಂಡು ಗುರುತು ಹಾಕುತ್ತದೆ.

ಒಂದು ಕೊನೆಯ ಚೊಕ್ಕಟ: ಖಾಲಿ ಫೈಲಿನ ಹ್ಯಾಷನ್ನು ಗೊತ್ತಿರುವ ಪಟ್ಟಿಯಿಂದ ತೆಗೆದುಬಿಡಿ. ಜಗತ್ತಿನ ಎಲ್ಲ ಖಾಲಿ ಫೈಲುಗಳಿಗೂ ಹ್ಯಾಷ್ ಒಂದೇ. ಬಳಕೆದಾರನ ಫೋಲ್ಡರ್‌ನಲ್ಲಿ ಗುಟ್ಟಿನ ಹೆಸರಿನ ಖಾಲಿ ಫೈಲೊಂದಿದ್ದರೆ ಅದರ ಹೆಸರೇ ಸುಳಿವು. ಗೊತ್ತಿರುವುದೆಂದು ಜರಡಿ ಅದನ್ನು ಉದುರಿಸಿಬಿಟ್ಟರೆ ಸುಳಿವೂ ಹೋಯಿತು.

ಹೊಂದಿದವನ್ನು ಓದುವುದು

ಅತಿ ಹೆಚ್ಚು ಜನ ಜಾರುವುದು ಇಲ್ಲಿ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಫೈಲು ನಿರಪಾಯವಲ್ಲ. ಎನ್‌ಎಸ್‌ಆರ್‌ಎಲ್‌ನವರೇ ತಮ್ಮದು "ಗೊತ್ತಿರುವ" ಫೈಲುಗಳ ಪಟ್ಟಿ, "ಒಳ್ಳೆಯ" ಫೈಲುಗಳದ್ದಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಮಾಹಿತಿಯನ್ನು ಚಿತ್ರಗಳೊಳಗೆ ಅಡಗಿಸುವ ಉಪಕರಣಗಳು, ಕಂಪ್ಯೂಟರುಗಳನ್ನು ಭೇದಿಸುವವರ ಉಪಕರಣಗಳು ಕೂಡ ಅದರಲ್ಲಿವೆ, ಏಕೆಂದರೆ ಅವೂ ಪ್ರಕಟವಾದ ಸಾಫ್ಟ್‌ವೇರ್‌ಗಳೇ. ಲೆಕ್ಕಪತ್ರ ನೋಡುವವರ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒಡೆಯುವ ಪ್ರೋಗ್ರಾಮ್ ಸಿಕ್ಕಿ ಅದರ ಹ್ಯಾಷ್ ಪಟ್ಟಿಗೆ ಹೊಂದಿದರೆ ಅದನ್ನು ಪಕ್ಕಕ್ಕೆ ಸರಿಸುವುದಲ್ಲ, ಮೇಲಕ್ಕೆತ್ತಬೇಕು.

ಹೊಂದಿದ ಫೈಲುಗಳನ್ನು ಎಸೆಯುವ ಮೊದಲು ಪಟ್ಟಿಯಲ್ಲಿರುವ ಉತ್ಪನ್ನದ ಹೆಸರನ್ನೂ, ಡಿಸ್ಕಿನಲ್ಲಿ ಫೈಲು ಸಿಕ್ಕ ಜಾಗವನ್ನೂ ಪಕ್ಕ ಪಕ್ಕ ಇಟ್ಟು ಒಮ್ಮೆ ಕಣ್ಣಾಡಿಸಿ. ವಿಂಡೋಸ್‌ನ ಸ್ವಂತ ಉಪಕರಣವೊಂದು ತಾತ್ಕಾಲಿಕ ಫೋಲ್ಡರ್‌ನಲ್ಲಿ ಬೇರೊಂದು ಹೆಸರಿನಿಂದ ಕೂತಿದೆ ಎಂದುಕೊಳ್ಳಿ. ಬೈಟುಗಳು ಅಸಲಿ, ನಡತೆ ಅಸಹಜ. ದಾಳಿಕೋರರು ತಮ್ಮದೇ ಕುತಂತ್ರಾಂಶ ತರುವ ಬದಲು ಕಂಪ್ಯೂಟರಿನಲ್ಲೇ ಇರುವ ಅಸಲಿ ಉಪಕರಣಗಳನ್ನು ಹೀಗೆ ದುಡಿಸಿಕೊಳ್ಳುವುದು ಈಗ ಮಾಮೂಲಿ.

ಉಳಿದದ್ದನ್ನು ಓದುವುದು

ಗೊತ್ತಿಲ್ಲದ ಫೈಲೆಂದರೆ ಶಂಕಿತ ಫೈಲಲ್ಲ. ಅದು ಪಟ್ಟಿಯಲ್ಲಿಲ್ಲ, ಅಷ್ಟೇ. ಇಲ್ಲದಿರಲು ಸಾಧುವಾದ ಕಾರಣಗಳು ರಾಶಿ ಇವೆ. ಕಳೆದ ವಾರದ ಅಪ್‌ಡೇಟ್ ಇನ್ನೂ ಪಟ್ಟಿಗೆ ಸೇರಿಲ್ಲದಿರಬಹುದು. ಸೆಟ್ಟಿಂಗ್‌ಗಳ ಫೈಲು, ಲಾಗ್, ಕ್ಯಾಷ್ ಇವು ಪ್ರತಿ ಕಂಪ್ಯೂಟರಿನಲ್ಲೂ ಬೇರೆ. ಡಾಟ್‌ನೆಟ್ ಪ್ರೋಗ್ರಾಮ್‌ಗಳ ಕೆಲವು ಸಂಕಲಿತ ರೂಪಗಳು ಆಯಾ ಕಂಪ್ಯೂಟರಿನಲ್ಲೇ ಹುಟ್ಟುತ್ತವೆ. ಪೈಥಾನ್ ತನ್ನ ಸಂಕಲಿತ ಫೈಲುಗಳಲ್ಲಿ ಮೂಲ ಫೈಲಿನ ಸಮಯವನ್ನು ಬರೆದಿಡುತ್ತದೆ, ಹಾಗಾಗಿ ಕೋಡ್ ಒಂದೇ ಆದರೂ ಹ್ಯಾಷ್ ಬೇರೆಯಾಗುತ್ತದೆ. ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್‌ನಿಂದ ತೆಗೆದ ಪಠ್ಯದ ಫೈಲುಗಳು ವಿಂಡೋಸ್‌ನಲ್ಲಿ ಸಾಲಿನ ಕೊನೆ ಬದಲಾಯಿಸಿಕೊಂಡು ಬೇರೆ ಹ್ಯಾಷ್ ಪಡೆಯುತ್ತವೆ.

ಆದ್ದರಿಂದ ಈ ರಾಶಿಗೆ ಇನ್ನೂ ಒಂದೆರಡು ಜರಡಿ ಬೇಕು. ಮೊದಲು ಓಡಬಲ್ಲ ಫೈಲುಗಳನ್ನು ಮಾತ್ರ ಬೇರ್ಪಡಿಸಿ. ಹೆಸರಿನ ಬಾಲ ನೋಡಿ ಅಲ್ಲ, ಫೈಲಿನ ಆರಂಭದ ಬೈಟುಗಳನ್ನು ನೋಡಿ. ವಿಂಡೋಸ್‌ನ ಪ್ರೋಗ್ರಾಮ್‌ಗಳು ಎಂ, ಜೆಡ್ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತವೆ. ಲಿನಕ್ಸ್‌ನವುಗಳಲ್ಲಿ ಎರಡನೆಯ ಬೈಟಿನಿಂದ ಇ, ಎಲ್, ಎಫ್ ಇರುತ್ತವೆ. ಆ ಬಳಿಕ ಅವುಗಳ ಡಿಜಿಟಲ್ ಸಹಿ ಪರೀಕ್ಷಿಸಿ. ವಿಂಡೋಸ್‌ನ ಆಥೆಂಟಿಕೋಡ್ ಸಹಿ ಫೈಲಿನ ಹ್ಯಾಷ್ ತೆಗೆಯುವಾಗ ಸಹಿ ಇರುವ ಭಾಗವನ್ನೇ ಬಿಟ್ಟು ಲೆಕ್ಕ ಹಾಕುತ್ತದೆ. ಹಾಗಾಗಿ ಇಡೀ ಫೈಲಿನ ಹ್ಯಾಷ್ ಪಟ್ಟಿಗೆ ಹೊಂದದಿದ್ದರೂ ಸಹಿ ಸರಿ ಇರಬಹುದು. ಉದಾಹರಣೆಗೆ ಕೆಲವು ತಯಾರಕರು ಇಳಿಸಿಕೊಳ್ಳುವ ಪ್ರತಿಯೊಬ್ಬರಿಗೂ ಬೇರೆ ಗುರುತನ್ನು ಸಹಿಯ ಜಾಗದಲ್ಲಿ ತುರುಕಿ ಕೊಡುತ್ತಾರೆ. ಅಂದಮೇಲೆ ಆ ಜಾಗ ಬೇರೆಯವರಿಗೂ ತುರುಕಲು ಸಿಗುತ್ತದೆ ಎಂಬುದನ್ನು ಮರೆಯಬೇಡಿ.

ಲಿನಕ್ಸ್ ಆದರೆ ಸಾಫ್ಟ್‌ವೇರ್ ಹಾಕುವ, ತೆಗೆಯುವ ಪ್ಯಾಕೇಜು ನಿರ್ವಾಹಕ ತಂತ್ರಾಂಶವೇ ಅರ್ಧ ಕೆಲಸ ಮಾಡಿಕೊಡುತ್ತದೆ. ಡೆಬಿಯನ್‌ನಲ್ಲಿ ಡೆಬ್‌ಸಮ್ಸ್, ರೆಡ್‌ಹ್ಯಾಟ್ ಬಳಗದಲ್ಲಿ ಆರ್‌ಪಿಎಂ ಕಮಾಂಡಿನ ದೊಡ್ಡ ವಿ ಆಯ್ಕೆ. ಆರ್‌ಪಿಎಂ ಉತ್ತರದಲ್ಲಿ 5 ಎಂಬ ಅಂಕಿ ಕಂಡರೆ ಆ ಫೈಲಿನ ಹ್ಯಾಷ್ ಬದಲಾಗಿದೆ ಎಂದರ್ಥ. ಜೊತೆಗೆ ಸಿ ಅಕ್ಷರ ಇದ್ದರೆ ಅದು ಸೆಟ್ಟಿಂಗ್‌ಗಳ ಫೈಲು, ಬದಲಾಗಿರುವುದು ಸಹಜ. ಸಿ ಇಲ್ಲದೆ 5 ಮಾತ್ರ ಇದ್ದರೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತುಕೊಳ್ಳಿ. ಆದರೆ ಹೋಲಿಸುವ ಹ್ಯಾಷ್‌ಗಳು ಇರುವುದು ಅದೇ ಡಿಸ್ಕಿನಲ್ಲಿ, ಅವನ್ನೂ ತಿದ್ದಿರಬಹುದು. ಅನುಮಾನವಿದ್ದರೆ ಅದೇ ಆವೃತ್ತಿಯ ಪ್ಯಾಕೇಜನ್ನು ವಿತರಣೆಯ ಸರ್ವರ್‌ನಿಂದ ಹೊಸದಾಗಿ ಇಳಿಸಿ, ಅದರ ಸಹಿ ಪರೀಕ್ಷಿಸಿ, ಬಿಚ್ಚಿ, ಆ ಒಂದು ಫೈಲಿನ ಹ್ಯಾಷನ್ನು ಹೋಲಿಸಿ.

ಇಷ್ಟಾದ ಮೇಲೂ ಉಳಿಯುವವುಗಳಲ್ಲಿ ಮೊದಲು ನೋಡಬೇಕಾದದ್ದು ಯಾವುದು ಎಂದು ಕೇಳಿದರೆ ನನ್ನ ಉತ್ತರ: ಹೆಸರು ಪಟ್ಟಿಯಲ್ಲಿದೆ, ಹ್ಯಾಷ್ ಪಟ್ಟಿಯಲ್ಲಿಲ್ಲ, ಇರುವುದು ಸಿಸ್ಟಮ್ ಫೋಲ್ಡರ್‌ನಲ್ಲಿ. ಹೆಸರು ಎರವಲು ಪಡೆದ ಫೈಲು ಸಿಗುವುದಾದರೆ ಇಲ್ಲಿಯೇ ಸಿಗುತ್ತದೆ. ಅದೇ ಹೆಸರಿನ ಅಸಲಿ ಫೈಲೊಂದನ್ನು ಪಕ್ಕಕ್ಕಿಟ್ಟುಕೊಂಡು ಎಸ್‌ಎಸ್‌ಡೀಪ್‌ನಂಥ ಹೋಲಿಕೆಯ ಹ್ಯಾಷ್ ತೆಗೆಯಿರಿ. ಇದು ಕ್ರಿಪ್ಟೋಗ್ರಾಫಿಕ್ ಹ್ಯಾಷ್ ಅಲ್ಲ. ಫೈಲನ್ನು ತುಂಡು ತುಂಡು ಮಾಡಿ, ತುಂಡುಗಳ ಗುರುತುಗಳನ್ನು ಪೋಣಿಸಿ, ಎರಡು ಫೈಲುಗಳು ಎಷ್ಟು ಹೋಲುತ್ತವೆ ಎಂದು 0ಯಿಂದ 100ರವರೆಗೆ ಅಂಕ ಕೊಡುತ್ತದೆ. ಬಾಲಕ್ಕೆ ಒಂದು ಬೈಟ್ ಅಂಟಿಸಿದ ಆ ಮೂರನೆಯ ಪ್ರತಿ ನೆನಪಿದೆಯಲ್ಲ? ಅದಕ್ಕೂ ಮೂಲಕ್ಕೂ ಇಲ್ಲಿ ನೂರರ ಆಸುಪಾಸು ಅಂಕ ಬರುತ್ತದೆ. ಅಂಕ ಸೊನ್ನೆ ಬಂದರೆ ಹೆಸರೊಂದನ್ನು ಬಿಟ್ಟು ಎರಡಕ್ಕೂ ಸಂಬಂಧವಿಲ್ಲದಿರಬಹುದು, ಅಥವಾ ಆವೃತ್ತಿಗಳ ನಡುವೆ ಬಹಳ ಅಂತರವಿರಬಹುದು. ಅಸಲಿಯ ಆವೃತ್ತಿ ಸಂಖ್ಯೆಯನ್ನು ಇನ್ನೊಮ್ಮೆ ಹೊಂದಿಸಿ ನೋಡಿ.

ಕೊನೆಗೆ, ಫೈಲನ್ನು ಹಲವು ವೈರಸ್ ಪತ್ತೆ ತಂತ್ರಾಂಶಗಳಿಂದ ಪರೀಕ್ಷಿಸಿಕೊಡುವ ವೈರಸ್‌ಟೋಟಲ್‌ನಂಥ ಸೇವೆಗಳು. ಅಲ್ಲಿ ಹ್ಯಾಷನ್ನು ಹುಡುಕಿ, ಫೈಲನ್ನು ಏರಿಸಬೇಡಿ. ಏರಿಸಿದ ಫೈಲು ಆ ಸೇವೆಯ ಇತರ ಚಂದಾದಾರರ ಕೈಗೂ ಸಿಗಬಹುದು. ಒಳಗೆ ಯಾರದೋ ಖಾಸಗಿ ದಾಖಲೆ ಇದ್ದರೆ ಅದನ್ನು ಹಿಂದಕ್ಕೆ ಕರೆಯುವಂತಿಲ್ಲ. ಉದ್ದೇಶಪೂರ್ವಕ ದಾಳಿಯಾದರೆ, ತನ್ನ ಫೈಲು ಅಲ್ಲಿ ಕಾಣಿಸಿಕೊಂಡಿತೇ ಎಂದು ದಾಳಿಕೋರನೂ ಹ್ಯಾಷ್ ಹಾಕಿ ನೋಡುತ್ತಿರಬಹುದು. ಹ್ಯಾಷ್ ಹುಡುಕಿದಾಗ ಏನೂ ಸಿಗದಿದ್ದರೆ ಅದೂ ಒಂದು ಮಾಹಿತಿ: ಆ ಫೈಲನ್ನು ಅಲ್ಲಿಗೆ ಯಾರೂ ಈವರೆಗೆ ಏರಿಸಿಲ್ಲ. ಬಳಕೆದಾರರು ತಾವೇ ಬರೆದುಕೊಂಡ ಸ್ಕ್ರಿಪ್ಟ್ ಆಗಿದ್ದರೆ ಅದು ಸಹಜ, ಹೆಸರಾಂತ ಸಾಫ್ಟ್‌ವೇರ್‌ನ ಭಾಗವೆಂದು ಹೇಳಿಕೊಳ್ಳುವ ಫೈಲಾಗಿದ್ದರೆ ಅಸಹಜ.

ವರದಿ ಬರೆಯುವಾಗ "ಎನ್‌ಎಸ್‌ಆರ್‌ಎಲ್‌ನಲ್ಲಿ ಇರಲಿಲ್ಲ" ಎಂದಷ್ಟೇ ಬರೆದು ಬಿಡಬೇಡಿ. ಯಾವ ಸೆಟ್, ಯಾವ ಬಿಡುಗಡೆ, ಯಾವ ಬಗೆಯ ಹ್ಯಾಷ್, ಯಾವ ಉಪಕರಣದ ಯಾವ ಆವೃತ್ತಿ, ಯಾವ ದಿನ ಹೋಲಿಸಿದ್ದು ಎಂಬುದನ್ನೂ ಸೇರಿಸಿ. ಮೂರು ತಿಂಗಳ ನಂತರದ ಬಿಡುಗಡೆಯಲ್ಲಿ ಅದೇ ಹ್ಯಾಷ್ ಇರಬಹುದು, ಆಗ ನಿಮ್ಮ ಸಾಲನ್ನು ಓದುವವರಿಗೆ ಎರಡೂ ಮಾತು ಹೇಗೆ ನಿಜವೆಂದು ತಿಳಿಯಬೇಕು. ಹೊಂದದೆ ಉಳಿದ ಪಟ್ಟಿಯನ್ನು ಅಳಿಸದೆ ಇಟ್ಟುಕೊಂಡಿದ್ದರೆ ಹೊಸ ಬಿಡುಗಡೆಗೆ ಅದೊಂದನ್ನೇ ಹೋಲಿಸಿದರೆ ಸಾಕು, ಡಿಸ್ಕನ್ನು ಮತ್ತೆ ಮುಟ್ಟಬೇಕಿಲ್ಲ.